ಬೆಟ್ಟದ ಮೇಲೊಂದು ತಂತಿ

ನಾಚಾರಂನಲ್ಲಿ ಗದ್ದಲ ಎರಡು ಬಗೆಯದು. ಒಂದು ಕಿವಿಗೆ ಕೇಳುವಂಥದ್ದು: ಕೈಗಾರಿಕಾ ವಸಾಹತಿಗೆ ಹೋಗಿಬರುವ ಲಾರಿಗಳು, ಮಲ್ಲಾಪುರದ ಕಡೆಯ ಬಸ್ಸುಗಳ ಹಾರನ್ನು, ಆಷಾಢದಲ್ಲಿ ಬೋನಾಲು ಬಂತೆಂದರೆ ಪೋತರಾಜನ ಮುಂದೆ ಬಡಿಯುವ ತಮಟೆ. ಇದಕ್ಕೆ ಹದಿನೆಂಟು ವರ್ಷಗಳಲ್ಲಿ ಹೊಂದಿಕೊಂಡಿದ್ದೇನೆ. ಹಬ್ಬದ ತಮಟೆ ಕೇಳದ ವರ್ಷ ಏನೋ ಕಳೆದುಕೊಂಡಂತೆಯೂ ಅನ್ನಿಸಿದೆ. ಇನ್ನೊಂದು ಗದ್ದಲ ರೇಡಿಯೋಗೆ ಮಾತ್ರ ಕೇಳುವಂಥದ್ದು. ಎಲ್‌ಇಡಿ ದೀಪಗಳು, ಮೊಬೈಲು ಚಾರ್ಜರುಗಳು, ಇನ್ವರ್ಟರು, ಲಿಫ್ಟಿನ ಮೋಟಾರು, ಮನೆಮನೆಯ ಗೋಡೆಗೆ ಅಂಟಿಕೊಂಡ ಇಂಟರ್ನೆಟ್ಟಿನ ಡಬ್ಬಿ, ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರು, ಇವುಗಳಲ್ಲಿ ಪ್ರತಿಯೊಂದೂ ತನ್ನ ಪಾಲಿನ ಚೂರು ಸಿಡುಕನ್ನು ಗಾಳಿಗೆ ಬಿಡುತ್ತಿರುತ್ತದೆ. ನೂರಾರು ಮನೆಗಳ ಸಿಡುಕು ಕೂಡಿದರೆ ಅದೊಂದು ಮೊರೆತವಾಗುತ್ತದೆ. ನನ್ನ ಪುಟ್ಟ ರೇಡಿಯೋವನ್ನು ಅಡುಗೆಮನೆಯ ಪಕ್ಕದ ಬಾಲ್ಕನಿಯಲ್ಲಿಟ್ಟು 7 ಮೆಗಾಹರ್ಟ್ಸಿಗೆ ತಿರುಗಿಸಿದರೆ ಒಗ್ಗರಣೆ ಬಾಣಲೆಗೆ ಕಿವಿಯಿಟ್ಟಂತಿರುತ್ತದೆ. ಆ ಒಗ್ಗರಣೆಯ ಅಡಿಯಲ್ಲೆಲ್ಲೋ, ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರದ ತರೀಕೆರೆಯಲ್ಲಿ ಕೂತು, ಅಪ್ಪ ನನ್ನನ್ನು ಕರೆಯುತ್ತಿರುತ್ತಾರೆ.

ತಾರಸಿಯ ಮೇಲೆ ತಂತಿ ಕಟ್ಟಿದರೆ ಸ್ವಲ್ಪ ಉತ್ತಮವಾದೀತೆಂದು ಒಮ್ಮೆ ನಮ್ಮ ಕಟ್ಟಡದ ನಿವಾಸಿಗಳ ಸಂಘವನ್ನು ಕೇಳಿದ್ದೆ. ಸಭೆ ನಡೆಯಿತು, ಚಹಾ ಆಯಿತು, ಒಬ್ಬರು ಸಿಡಿಲಿನ ಮಾತೆತ್ತಿದರು, ಇನ್ನೊಬ್ಬರು ವಿಕಿರಣದ ಮಾತೆತ್ತಿದರು. ಸಿಡಿಲಿನವರ ಆತಂಕದಲ್ಲಿ ಹುರುಳಿತ್ತು. ವಿಕಿರಣದವರ ಕೈಯಲ್ಲಿ ಮೊಬೈಲಿತ್ತು. ತಾರಸಿ ಸಿಗಲಿಲ್ಲ. ಹಾಗಾಗಿ ನಾನು ಬೆಟ್ಟ ಹತ್ತಲಾರಂಭಿಸಿದೆ.

ಹವ್ಯಾಸಿ ರೇಡಿಯೋ, ಅಂದರೆ ಜನ ಹ್ಯಾಮ್ ರೇಡಿಯೋ ಎನ್ನುವ ಈ ಹುಚ್ಚಿನ ಬಗ್ಗೆ ಓದುಗರಿಗೆ ಎರಡು ಮಾತು ಹೇಳಬೇಕು. ಇದು ಆಕಾಶವಾಣಿಯಲ್ಲ, ಇಲ್ಲಿ ಕೇಳುಗನೇ ಮಾತುಗಾರ. ಕೇಂದ್ರ ಸರಕಾರದ ಪರೀಕ್ಷೆಯನ್ನು ಪಾಸು ಮಾಡಿ, ಪರವಾನಗಿ ಪಡೆದು, ತನ್ನದೇ ಆದ ಕರೆಸಂಕೇತವೊಂದನ್ನು ಹೊತ್ತು, ನಿಗದಿಯಾದ ತರಂಗಗಳಲ್ಲಿ ಇನ್ನೊಬ್ಬ ಹವ್ಯಾಸಿಯೊಡನೆ ಮಾತಾಡುವುದು. ನಮ್ಮ ದೇಶದ ಸಂಕೇತಗಳೆಲ್ಲ ವಿಯು ಎಂಬೆರಡು ಅಕ್ಷರಗಳಿಂದ ಮೊದಲಾಗುತ್ತವೆ. ರಾಜೀವ್ ಗಾಂಧಿಯವರೂ ಒಬ್ಬ ಹವ್ಯಾಸಿಯಾಗಿದ್ದರು. ಅವರ ಸಂಕೇತ ವಿಯು2ಆರ್‌ಜಿ. ಕನ್ನಡಿಗರಿಗೆ ಈ ನಂಟು ಇನ್ನೂ ಹಳೆಯದು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕವೊಂದನ್ನಿಟ್ಟು ಬಾನುಲಿ ಆರಂಭಿಸಿದ್ದನ್ನೂ, ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಹೊರಟು ದೇಶಕ್ಕೆಲ್ಲ ಆದದ್ದನ್ನೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೇಷ್ಟರೊಬ್ಬರು ಮನೆಯ ಕೋಣೆಯಲ್ಲಿ ಕೂತು ಊರಿಗೆ ಮಾತು ಕಳಿಸಿದ ಆ ಉತ್ಸಾಹ ಏನಿದೆಯೋ, ಹವ್ಯಾಸಿ ರೇಡಿಯೋದವರಲ್ಲಿ ಉಳಿದಿರುವುದು ಅದೇ.

ಅಪ್ಪ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಟೆಲಿಗ್ರಾಫಿಸ್ಟ್ ಆಗಿದ್ದವರು. ನನಗೆ ಬುದ್ಧಿ ಬಂದಾಗಿನಿಂದ ಅವರ ಬಲಗೈಯ ಬೆರಳುಗಳು ಸುಮ್ಮನಿದ್ದದ್ದನ್ನು ನೋಡಿದವಳಲ್ಲ. ಊಟದ ತಟ್ಟೆಯ ಅಂಚಿನ ಮೇಲೆ, ಕುರ್ಚಿಯ ಕೈ ಮೇಲೆ, ಜ್ವರ ಬಂದ ನನ್ನ ಹಣೆಯ ಮೇಲೆ ಕೂಡ ಆ ಬೆರಳು ಏನನ್ನೋ ಬರೆಯುತ್ತಲೇ ಇರುತ್ತಿತ್ತು. ತಂತಿ ಕಚೇರಿಯಲ್ಲಿ ಮೋರ್ಸ್ ಎಂದರೆ ಸಂಗೀತವಲ್ಲ, ಹಿತ್ತಾಳೆಯ ಕಟಕಟ. ಎರಡು ಬಡಿತಗಳ ನಡುವಿನ ಬಿಡುವನ್ನು ಅಳೆದು ಅಕ್ಷರ ಹಿಡಿಯಬೇಕು. ಆಮೇಲೆ ಟೆಲಿಪ್ರಿಂಟರು ಬಂತು, ಕಂಪ್ಯೂಟರು ಬಂತು, 2000ದಲ್ಲಿ ಇಲಾಖೆಯೇ ನಿಗಮವಾಯಿತು, ಅಪ್ಪ ನಿವೃತ್ತರಾದರು. ನಿವೃತ್ತಿಯ ಎರಡನೆಯ ವರ್ಷ, ಯಾರೊಡನೆಯೂ ಹೇಳದೆ ಹೋಗಿ ಹವ್ಯಾಸಿ ಪರೀಕ್ಷೆಗೆ ಕೂತು ಬಂದರು. ನಿಮಿಷಕ್ಕೆ 8 ಪದಗಳ ಮೋರ್ಸ್ ಪರೀಕ್ಷೆ ಅವರಿಗೆ ಎಷ್ಟು ನಿಧಾನ ಅನ್ನಿಸಿತೆಂದರೆ, ಎರಡು ಅಕ್ಷರಗಳ ನಡುವೆ ನಿದ್ದೆ ಬಂತೆಂದು ಅಮ್ಮನ ಬಳಿ ಹೇಳಿಕೊಂಡರಂತೆ.

2013ರ ಜುಲೈಯಲ್ಲಿ ದೇಶದ ತಂತಿ ಸೇವೆಗೆ ತೆರೆಬಿತ್ತು. ಪತ್ರಿಕೆಗಳಲ್ಲಿ ಎರಡು ದಿನ ಭಾವುಕ ಲೇಖನಗಳು ಬಂದವು. ಅಪ್ಪ ಅವುಗಳಲ್ಲಿ ಒಂದನ್ನೂ ಓದಲಿಲ್ಲ. ಆ ವಾರ ಫೋನಿನಲ್ಲಿ ಅವರು ನನಗೆ ಹೇಳಿದ್ದು ಇಷ್ಟೇ: “ನೀನೂ ಪರೀಕ್ಷೆ ಕಟ್ಟು ಪುಟ್ಟಿ. ನನಗೆ ಮಾತಾಡಲಿಕ್ಕೆ ಒಬ್ಬರು ಬೇಕು.” ಅಪ್ಪ ಏನನ್ನೂ ಕೇಳುವವರಲ್ಲ. ನಾನು ಎಂ.ಎ. ಇಂಗ್ಲಿಷಿನವಳು, ಓಮನ ನಿಯಮಕ್ಕೂ ನನಗೂ ಪಿಯುಸಿಯ ನಂತರ ಭೇಟಿಯಿರಲಿಲ್ಲ. ಕಚೇರಿಯ ಊಟದ ವಿರಾಮದಲ್ಲಿ ಕೆಪಾಸಿಟರು, ಕಾಯಿಲುಗಳ ಚಿತ್ರ ಬಿಡಿಸುತ್ತ ಕೂರುತ್ತಿದ್ದೆ. ಸಹೋದ್ಯೋಗಿಗಳು ಇದು ಇಲಾಖಾ ಬಡ್ತಿಯ ಪರೀಕ್ಷೆಯೆಂದು ತಿಳಿದು ಟಿಪ್ಪಣಿಗಳನ್ನು ಕೇಳಿದರು. ಪಾಸಾದ ಮೇಲೆ ಪರವಾನಗಿ ಕೈಸೇರಲು ಬಹಳ ತಿಂಗಳು ಹಿಡಿಯಿತು. ಕಡತ ಯಾವ ವೇಗದಲ್ಲಿ ನಡೆಯುತ್ತದೆಂಬುದು ನನ್ನ ಹೊಟ್ಟೆಪಾಡಿನ ವಿದ್ಯೆಯೇ ಆದ್ದರಿಂದ ಬೇಸರವಾಗಲಿಲ್ಲ.

ಬೆಟ್ಟದ ತುದಿಯಿಂದ ರೇಡಿಯೋ ನುಡಿಸುವ ಹವ್ಯಾಸಕ್ಕೆ ಜಗತ್ತಿನಲ್ಲಿ ದೊಡ್ಡ ಪರಂಪರೆಯೇ ಇದೆ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಸಮ್ಮಿಟ್ಸ್ ಆನ್ ದಿ ಏರ್’ ಎಂಬ ಯೋಜನೆ ಈಗ ಹಲವು ದೇಶಗಳಲ್ಲಿ ಹಬ್ಬಿದೆ. ಅದರ ನಿಯಮಗಳನ್ನು ಓದಿದಾಗ ನನಗೆ ವ್ರತದ ಪುಸ್ತಕ ನೆನಪಾಯಿತು. ಸಾಮಾನ್ಯವಾಗಿ ಸುತ್ತಲ ನೆಲದಿಂದ 150 ಮೀಟರಾದರೂ ಎದ್ದು ನಿಂತ ಶಿಖರವಾಗಿರಬೇಕು. ತುದಿಯಿಂದ 25 ಮೀಟರ್ ಇಳಿತದೊಳಗೆ ಕೂತು ನುಡಿಸಬೇಕು. ಕೊನೆಯ ಏರನ್ನು ಸ್ವಂತ ಬಲದಿಂದಲೇ ಏರಬೇಕು. ಸಲಕರಣೆ ತಾನೇ ಹೊರಬೇಕು. ವಾಹನದ ಬ್ಯಾಟರಿಯಾಗಲಿ ಪೆಟ್ರೋಲಿನ ಜನರೇಟರಾಗಲಿ ಕೂಡದು. ಕನಿಷ್ಠ ನಾಲ್ಕು ಜನರೊಡನೆ ಸಂಪರ್ಕವಾದರೆ ಅಂಕ. ಸಾವಿರ ಅಂಕ ಕೂಡಿಸಿದವನಿಗೆ ‘ಬೆಟ್ಟದ ಮೇಕೆ’ ಎಂಬ ಬಿರುದು. ಮನೆಯಲ್ಲೇ ಕೂತು ಬೆಟ್ಟದವರನ್ನು ಬೆನ್ನಟ್ಟಿ ಸಾವಿರ ಅಂಕ ಗಳಿಸಿದವನಿಗೂ ಬಿರುದಿದೆ, ಅದು ಸೋಮಾರಿ ಪ್ರಾಣಿಯಾದ ‘ಸ್ಲಾತ್’ ಹೆಸರಿನದು. ಅಪ್ಪನಿಗೆ ಇದನ್ನು ಹೇಳಿದಾಗ ನಕ್ಕು, ತಾವು ಎರಡನೆಯ ವರ್ಗಕ್ಕೆ ಸೇರಿದವರೆಂದು ಒಪ್ಪಿಕೊಂಡರು. ನಾನು ಅಂಕ ಎಣಿಸುವವಳಲ್ಲ. ನಾನು ಏರುವ ಗುಡ್ಡಗಳಲ್ಲಿ ಕೆಲವಕ್ಕೆ ಅಷ್ಟು ಎತ್ತರದ ಯೋಗ್ಯತೆಯೂ ಇಲ್ಲ. ಆದರೆ ತಾನೇ ಹೊತ್ತು ತಾನೇ ಹತ್ತಬೇಕೆಂಬ ನಿಯಮ ನನಗೆ ಹಿಡಿಸಿತು, ಅದನ್ನು ಮೀರಿಲ್ಲ.

ಹೊರೆ ದೊಡ್ಡದೇನಲ್ಲ. ಇಟ್ಟಿಗೆಯಷ್ಟು ರೇಡಿಯೋ, ಅದರ ಅರ್ಧದಷ್ಟು ಬ್ಯಾಟರಿ, ಬೆರಳಿನಿಂದ ಒತ್ತುವ ಕೀ, ಕಿವಿಗೆ ಹೆಡ್‌ಫೋನು, ಒಂದರೊಳಗೊಂದು ಮಡಚಿಕೊಳ್ಳುವ 6 ಮೀಟರಿನ ಕಡ್ಡಿ, 20 ಮೀಟರ್ ತಂತಿ. ಕಡ್ಡಿಯನ್ನು ಬಂಡೆಯ ಸೀಳಿನಲ್ಲಿ ನಿಲ್ಲಿಸಿ, ತಂತಿಯ ನಡುವನ್ನು ತುದಿಗೆ ಕಟ್ಟಿ, ಎರಡು ಕೊನೆಗಳನ್ನು ಇಳಿಬಿಟ್ಟು ಕಲ್ಲಿಗೆ ಬಿಗಿದರೆ ಏರಿಯಲ್ ಸಿದ್ಧ. ಹೊರಡುವ ಶಕ್ತಿ 5 ವ್ಯಾಟು, ದೇವರಕೋಣೆಯ ಪುಟ್ಟ ಬಲ್ಬಿನಷ್ಟು. ಅಷ್ಟು ಗಿಡ್ಡಗೆ ಕಟ್ಟಿದ ತಂತಿಯಿಂದ ಅಲೆ ಹೆಚ್ಚಾಗಿ ನೆಟ್ಟಗೆ ಮೇಲಕ್ಕೇ ಹೋಗುತ್ತದೆ. ಸುಮಾರು 300 ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಗುಲಿ ಕೊಡೆಯ ಮೇಲಿಂದ ಬಿದ್ದ ನೀರಿನಂತೆ ಸುತ್ತಲೂ ಇಳಿಯುತ್ತದೆ. ಆ ಇಳಿತದೊಳಗೆ ತರೀಕೆರೆ ಬರುತ್ತದೆ. ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ. ಬಿಸಿಲೇರಿದಂತೆ ಕೆಳಗಿನ ಇನ್ನೊಂದು ಪದರ ಗಟ್ಟಿಯಾಗಿ ಅಲೆಯನ್ನು ನುಂಗತೊಡಗುತ್ತದೆ.

ಹಾಗಿದ್ದರೆ ಬೆಟ್ಟವೇಕೆ ಎಂದು ಯಾರಾದರೂ ಕೇಳಬಹುದು. ಮೇಲಕ್ಕೆ ಹೋಗಿ ಕೆಳಗಿಳಿಯುವ ಅಲೆಗೆ ಗುಡ್ಡದ ನೂರು ಮೀಟರು ಯಾವ ಲೆಕ್ಕ? ನಿಜ. ಎತ್ತರ ಬೇಕಾಗುವುದು ವಿಎಚ್‌ಎಫ್ ಎಂಬ ಇನ್ನೊಂದು ಬಗೆಯ ಅಲೆಗೆ, ಅದು ಕಣ್ಣಿನಂತೆ, ದಿಗಂತದವರೆಗೆ ಮಾತ್ರ ಹೋಗುತ್ತದೆ. ಅಪ್ಪನ ಅಲೆಗೆ ಬೇಕಾದದ್ದು ಬೆಟ್ಟದ ಎತ್ತರವಲ್ಲ, ಬೆಟ್ಟದ ಮೌನ. ಅಲ್ಲಿ ಚಾರ್ಜರಿಲ್ಲ, ಲಿಫ್ಟಿಲ್ಲ. ಹೆಡ್‌ಫೋನಿನಲ್ಲಿ ಮೊದಲ ಬಾರಿ ಆ ಮೌನ ಕೇಳಿದ ದಿನ ರೇಡಿಯೋ ಕೆಟ್ಟಿದೆಯೇನೋ ಎಂದು ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದ್ದೆ. ಎಂ.ಎ. ತರಗತಿಯಲ್ಲಿ ಓದಿದ ಇಂಗ್ಲಿಷ್ ರಮ್ಯಕವಿಗಳು ಬೆಟ್ಟವೇರಿ ಮಾತು ಮರೆಯುತ್ತಿದ್ದರು. ನನ್ನದು ಮಾತಾಡಲಿಕ್ಕಾಗಿಯೇ ಏರುವ ಲೌಕಿಕ.

ನಮಗೆ ಹತ್ತಿರದ್ದು ಮೌಲಾಲಿ. ಸ್ಕೂಟರಿನಲ್ಲಿ ಕಾಲು ಗಂಟೆ. ಕುತುಬ್ ಶಾಹಿಗಳ ಕಾಲದಿಂದ ಹಜ್ರತ್ ಅಲಿಯವರ ಹೆಸರಿನ ದರ್ಗಾ ಇರುವ ಬಂಡೆಗುಡ್ಡ. ಬುಡದಲ್ಲಿ 1824ರಲ್ಲಿ ತೀರಿಕೊಂಡ ಕವಯಿತ್ರಿ ಮಹ್ ಲಖಾ ಬಾಯಿ ಚಂದಾಳ ಗೋರಿಯಿದೆ. ಭಾನುವಾರ ನಸುಕಿಗೆ ಮೆಟ್ಟಿಲೇರಿ, ದರ್ಗಾದಿಂದ ದೂರ, ಯಾರ ಕಾಲಿಗೂ ಅಡ್ಡವಾಗದ ಇಳಿಜಾರಿನ ಬಂಡೆಯ ಮೇಲೆ ಕೂರುತ್ತೇನೆ. ಮೊದಲ ಸಲ ಕಡ್ಡಿ ಬಿಡಿಸುತ್ತಿದ್ದಾಗ ಮುದುಕರೊಬ್ಬರು ಬಹಳ ಹೊತ್ತು ನಿಂತು ನೋಡಿ, “ಮಛ್ಲಿಯಾಂ ಪಕಡ್ನೆ ಕು ಆಯೆ ಕ್ಯಾ ಅಮ್ಮಾ?” ಎಂದರು. ಆ ಕಡ್ಡಿ ಮೀನುಗಾರಿಕೆಯದೇ. ಅವರಿಗೆ ಹೆಡ್‌ಫೋನು ಕೊಟ್ಟು, ಈ ಸದ್ದು ನನ್ನ ತಂದೆಯದು, ಕರ್ನಾಟಕದಿಂದ ಬರುತ್ತಿದೆ ಎಂದೆ. ಕೇಳಿ, ತಿರುಗಿಸಿ ಕೊಟ್ಟು, “ಅಬ್ಬಾ ಕು ಹಮಾರಾ ಸಲಾಮ್ ಬೋಲೋ” ಎಂದರು. ಕಳಿಸಿದೆ. ಮೂರನೆಯವರ ಸಂದೇಶ ಸಾಗಿಸಬಾರದೆಂಬ ನಿಯಮ ಸಲಾಮಿಗೂ ಅನ್ವಯಿಸುತ್ತದೆಯೇ ಎಂಬುದನ್ನು ನಾನು ಯೋಚಿಸಲು ಹೋಗಿಲ್ಲ.

ಇನ್ನೂ ಸಮಯವಿದ್ದರೆ ಭುವನಗಿರಿ. ಕಾಜಿಪೇಟೆಯತ್ತ ಹೋಗುವ ರೈಲು ಸಿಕ್ಕರೆ ತಲೆನೋವಿಲ್ಲ. ಬಯಲಿನ ನಡುವೆ ಒಂದೇ ಒಂದು ಬಂಡೆ, ಮಗುಚಿಟ್ಟ ಮೊಟ್ಟೆಯಂತೆ, 500 ಅಡಿಗೂ ಮಿಗಿಲಾಗಿ ಎದ್ದು ನಿಂತಿದೆ. ಅದರ ನೆತ್ತಿಯ ಕೋಟೆಯನ್ನು ಕಟ್ಟಿಸಿದ್ದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಅವನ ತ್ರಿಭುವನಮಲ್ಲ ಎಂಬ ಬಿರುದಿನಿಂದಲೇ ಊರಿಗೆ ತ್ರಿಭುವನಗಿರಿ, ಆಮೇಲೆ ಭುವನಗಿರಿ ಎಂದಾಯಿತೆನ್ನುತ್ತಾರೆ. ಇಲ್ಲಿನ ಹುಡುಗರಿಗೆ ಅದು ಭೋಂಗೀರ್. 2014ರಲ್ಲಿ ಹದಿಮೂರರ ವಯಸ್ಸಿನಲ್ಲಿ ಎವರೆಸ್ಟ್ ಏರಿದ ತೆಲಂಗಾಣದ ಬುಡಕಟ್ಟಿನ ಹುಡುಗಿ ಮಾಲಾವತ್ ಪೂರ್ಣಾ ಬಂಡೆ ಹತ್ತಲು ಕಲಿತದ್ದು ಇಲ್ಲಿಯೇ. ನಲವತ್ತಾರರ ನನ್ನ ಮಂಡಿಗಳು ಮೆಟ್ಟಿಲುಗಳಿಗೇ ದಣಿಯುತ್ತವೆ. ಆದರೆ ಮೇಲೆ ನಿಂತಾಗ ವಿಎಚ್‌ಎಫ್ ಲೆಕ್ಕ ಸೊಗಸಾಗಿ ಕೂಡಿಬರುತ್ತದೆ: ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋದ ದಿಗಂತ ಎಷ್ಟು ಕಿಲೋಮೀಟರೆಂಬುದು ಸಿಗುತ್ತದೆ. 150 ಮೀಟರಿಗೆ 50 ಕಿಲೋಮೀಟರ್. ಹೈದರಾಬಾದ್ ಸರಿಯಾಗಿ ಆ ಅಂಚಿನೊಳಗೆ ಬರುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನಿಂದ ಕರೆದರೆ ನಗರದ ಹವ್ಯಾಸಿಗಳು ಪಕ್ಕದ ಕೋಣೆಯಲ್ಲಿದ್ದಂತೆ ಉತ್ತರಿಸುತ್ತಾರೆ. ತೆಲುಗು, ದಖನಿ, ಇಂಗ್ಲಿಷ್ ಎಲ್ಲವೂ ಕಲಸಿದ ಅವರ ಮಾತು ಮುಗಿಸಿ, ನಂತರ 7 ಮೆಗಾಹರ್ಟ್ಸಿಗೆ ತಿರುಗಿ ಅಪ್ಪನನ್ನು ಹುಡುಕುತ್ತೇನೆ. ಆ ಪಟ್ಟಿಯಲ್ಲಿ ಭಾನುವಾರ ಬೆಳಗ್ಗೆ ಕೈ ಆಡಿಸಿದರೆ ಮಲಯಾಳ, ತಮಿಳು, ಹಿಂದಿಗಳ ನಡುವೆ ಕನ್ನಡವೂ ಹಾದುಹೋಗುತ್ತದೆ. ನಾಚಾರಂನ ಬೀದಿಯಲ್ಲಿ ಕನ್ನಡ ಕೇಳಿದರೆ ತಿರುಗಿ ನೋಡುತ್ತೇವಲ್ಲ, ಹಾಗೆಯೇ ಅಲ್ಲಿಯೂ ನನ್ನ ಕೈ ನಿಲ್ಲುತ್ತದೆ.

ಈ ಹವ್ಯಾಸದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಬಹುಕಾಲ ಒಂದು ವಾಕ್ಯವಿತ್ತು, ಅದು ನನಗೆ ಅತ್ಯಂತ ಪ್ರಿಯವಾದದ್ದು. ಹವ್ಯಾಸಿಗಳು ಪ್ರಯೋಗಕ್ಕೆ ಸಂಬಂಧಿಸಿದ ತಾಂತ್ರಿಕ ವಿಷಯಗಳನ್ನೂ, ಸಾರ್ವಜನಿಕ ದೂರಸಂಪರ್ಕ ಸೇವೆಯನ್ನು ಬಳಸುವಷ್ಟು ಮಹತ್ವವಿಲ್ಲದ ಖಾಸಗಿ ಮಾತುಗಳನ್ನೂ ಮಾತ್ರ ಆಡಬಹುದು ಎಂಬ ಅರ್ಥದ್ದು. ತಂತಿ ಇಲಾಖೆಗಳ ಆದಾಯಕ್ಕೆ ಕುಂದು ಬರಬಾರದೆಂಬ ಲೆಕ್ಕಾಚಾರ ಅದರ ಹಿಂದಿತ್ತು. 2003ರ ಜಾಗತಿಕ ರೇಡಿಯೋ ಸಮ್ಮೇಳನದಲ್ಲಿ ಆ ಮಾತನ್ನು ತಿದ್ದಿದರು. ಆದರೂ, ಮಹತ್ವವಿಲ್ಲದ್ದನ್ನೇ ಮಾತಾಡಿ ಎಂದು ಮನುಷ್ಯರಿಗೆ ಅಪ್ಪಣೆ ಕೊಟ್ಟ ಕಾನೂನು ಇನ್ನೊಂದಿರಲಾರದು. ಅಪ್ಪ ಮೂವತ್ತು ವರ್ಷ ಮಹತ್ವದ ಸುದ್ದಿಯನ್ನೇ ಸಾಗಿಸಿದವರು. ಮನೆಯ ಮುಂದೆ ತಂತಿಯವನ ಸೈಕಲ್ಲು ನಿಂತರೆ ಹೆಂಗಸರು ಮೊದಲು ಅಳಲು ಶುರುಮಾಡಿ ಆಮೇಲೆ ಓದಿಸುತ್ತಿದ್ದ ಕಾಲವದು. ಹಾಗಾಗಿಯೋ ಏನೋ, ನಿವೃತ್ತಿಯ ನಂತರ ಮಹತ್ವವಿಲ್ಲದ ಮಾತುಗಳಲ್ಲಿ ಅವರು ಮಗುವಿನಂತೆ ಸುಖಪಟ್ಟರು. ಹಲಸು ಬಿಟ್ಟಿದೆ. ಕರೆಂಟು ಹೋಗಿ ಬಂತು. ಅಮ್ಮ ಅಕ್ಕಿರೊಟ್ಟಿ ಮಾಡಿದ್ದಾಳೆ, ತೆಳ್ಳಗಿಲ್ಲ.

ಮಹತ್ವದ ಮಾತು ಬಂದಾಗ ಈ ಹವ್ಯಾಸ ಏನು ಮಾಡಬಲ್ಲದೆಂಬುದಕ್ಕೆ ಹೈದರಾಬಾದಿನವರಿಗೆ ಬೇರೆ ಉದಾಹರಣೆ ಬೇಡ. ಇಲ್ಲಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ 2004ರ ಡಿಸೆಂಬರಿನಲ್ಲಿ ತಂಡದೊಡನೆ ಅಂಡಮಾನಿಗೆ ಹೋಗಿದ್ದರು. ಅಂಡಮಾನಿನಿಂದ ಹವ್ಯಾಸಿ ರೇಡಿಯೋ ಕೇಳಿಬರುವುದೇ ಅಪರೂಪ, ಜಗತ್ತೆಲ್ಲ ಅವರನ್ನು ಕರೆಯುತ್ತಿತ್ತು. 26ರ ಬೆಳಗ್ಗೆ ಸುನಾಮಿ ಬಂತು, ದೂರವಾಣಿ ಸತ್ತಿತು. ಆಟಕ್ಕೆಂದು ಒಯ್ದಿದ್ದ ಅದೇ ಯಂತ್ರಗಳಿಂದ ಅವರು ದ್ವೀಪದ ಜನರ ಕ್ಷೇಮ ಸಮಾಚಾರವನ್ನು ದಿನಗಟ್ಟಲೆ ಮುಖ್ಯಭೂಮಿಗೆ ದಾಟಿಸಿದರು.

ನಮ್ಮ ಮಾತುಗಳು ಕನ್ನಡದಲ್ಲೇ, ಆದರೆ ಇಂಗ್ಲಿಷ್ ಅಕ್ಷರ ಕಟ್ಟಿ. ಮೋರ್ಸಿನಲ್ಲಿ ಹ್ರಸ್ವದೀರ್ಘವಿಲ್ಲ, ಲಳಭೇದವಿಲ್ಲ. ಬಲ, ಬಾಲ, ಬಾಳ ಮೂರೂ ಒಂದೇ. ಮಳೆ ಎಂದು ಅಪ್ಪ ಕಳಿಸಿದ್ದನ್ನು ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಈತ ಗಂಡಸೊಬ್ಬನನ್ನು ಕುರಿತು ಹೇಳುತ್ತಿದ್ದಾನೆಂದು ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಿದ್ದರು. ತಂತಿಯ ಕಾಲದ ಜಿಪುಣತನ ಅವರನ್ನು ಬಿಟ್ಟಿಲ್ಲ. ಕ್ರಿಯಾಪದ ಅನಾವಶ್ಯಕವೆಂದು ಕಂಡರೆ ನುಂಗಿಬಿಡುತ್ತಾರೆ. ಮುಗಿಸುವಾಗ ಹವ್ಯಾಸಿಗಳು ಎರಡು ಅಂಕಿ ಬಳಸುತ್ತಾರೆ. 73 ಎಂದರೆ ಶುಭಾಶಯ. 88 ಎಂದರೆ ಪ್ರೀತಿ, ಮುದ್ದು. ಹತ್ತು ವರ್ಷಕ್ಕೂ ಮಿಕ್ಕಿ ಅಪ್ಪ ನನಗೆ 73 ಕಳಿಸಿದ್ದಾರೆ, ಮೇಲಧಿಕಾರಿಗೆ ಕಳಿಸುವಂತೆ.

ಅವರ ಕಿವಿ ಮಂದವಾಗುತ್ತ ಬಂದು ನಾಲ್ಕೈದು ವರ್ಷವಾಯಿತು. ಶಿವಮೊಗ್ಗದಲ್ಲಿ ಪರೀಕ್ಷಿಸಿದ ವೈದ್ಯರು ಒಂದು ರೇಖಾಚಿತ್ರ ತೋರಿಸಿ ಬಿಡಿಸಿ ಹೇಳಿದರು. ಮುಪ್ಪಿನ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು. ಮಾತಿನಲ್ಲಿ ಸ್ವರಗಳು ಕೆಳಗಿನ ಕಂಪನದವು, ಉಳಿಯುತ್ತವೆ. ಸ, ಶ, ತ, ಕಗಳಂಥ ವ್ಯಂಜನಗಳ ಗುರುತು ಮೇಲೆಲ್ಲೋ ಇರುತ್ತದೆ, ಅವು ಹೋಗುತ್ತವೆ. ಹಾಗಾಗಿ ಅಪ್ಪನಿಗೆ ನಾನು ಮಾತಾಡುತ್ತಿದ್ದೇನೆಂದು ಕೇಳುತ್ತದೆ, ಏನು ಮಾತಾಡುತ್ತಿದ್ದೇನೆಂದು ಕೇಳುವುದಿಲ್ಲ. ಕಿವಿಯ ಯಂತ್ರ ತಂದುಕೊಟ್ಟೆವು. ಅದು ಕುಕ್ಕರಿನ ಸೀಟಿಯನ್ನೂ ಕಾಗೆಯನ್ನೂ ಮೊದಲು ಕೇಳಿಸುತ್ತದೆ, ನಿಮ್ಮನ್ನು ಕೊನೆಗೆ ಎಂದು ತೆಗೆದಿಟ್ಟರು. ಫೋನು ಮಾಡಿದರೆ “ಹಾಂ? ಹಾಂ?” ಎಂದು ಎರಡು ಸಲ ಕೇಳಿ, ಸೋತು, “ತಗೋ, ಅಮ್ಮನ ಹತ್ತಿರ ಮಾತಾಡು” ಎಂದುಬಿಡುತ್ತಾರೆ. ಹೊರನಾಡಿನಲ್ಲಿರುವ ನಮಗೆಲ್ಲ ಅಪ್ಪಂದಿರು ದೊರೆಯುವುದು ಬಹುಪಾಲು ಈ ವಾಕ್ಯದಲ್ಲಿಯೇ.

ಮೋರ್ಸಿನಲ್ಲಿ ಮಾತ್ರ ವ್ಯಂಜನವಿಲ್ಲ. ಒಂದೇ ನಾದ, ಗಿಡ್ಡದ್ದು ಮತ್ತು ಉದ್ದದ್ದು. ನಾದವನ್ನು ಎಷ್ಟು ಬೇಕೋ ಅಷ್ಟು ಕೆಳಕ್ಕಿಳಿಸಿಕೊಳ್ಳಬಹುದು. ಅಪ್ಪ 500 ಹರ್ಟ್ಸಿನ ಬಳಿ ಇಟ್ಟುಕೊಂಡಿದ್ದಾರೆ, ಅಲ್ಲಿ ಅವರ ಕಿವಿ ಇನ್ನೂ ನಲವತ್ತರ ಪ್ರಾಯದ್ದು. ಎದುರು ಕೂತವರ ಮಾತು ಹಿಡಿಯಲಾಗದ ಮನುಷ್ಯ, ಐದು ವ್ಯಾಟಿನ ನನ್ನ ಕೀರಲನ್ನು ಅಯಾನುಗೋಳದ ಏರಿಳಿತಗಳ ನಡುವಿನಿಂದ ಒಂದಕ್ಷರ ತಪ್ಪದೆ ಹೆಕ್ಕುತ್ತಾರೆ. ಅಮ್ಮ ಮೊದಮೊದಲು ಇದನ್ನು ನಂಬಲಿಲ್ಲ. “ನಾನು ಕೂಗಿದರೆ ಕೇಳಲ್ಲ, ಅವಳು ಕುಟ್ಟಿದರೆ ಕೇಳುತ್ತೆ” ಎಂಬುದು ಅವಳ ದೂರು. ದೂರಿನಲ್ಲಿ ನ್ಯಾಯವಿದೆ.

ಕಳೆದ ಚಳಿಗಾಲದಲ್ಲಿ ಬೊಮ್ಮಲಗುಟ್ಟಕ್ಕೆ ಹೋಗಿದ್ದೆ. ಕರೀಂನಗರ ದಾಟಿ, ಗಂಗಾಧರ ಮಂಡಲದ ಕುರಿಕ್ಯಾಲದ ಹತ್ತಿರದ ಬಂಡೆಗುಡ್ಡ, ಇಲ್ಲಿಂದ ಸುಮಾರು 180 ಕಿಲೋಮೀಟರ್. ಪಂಪ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದಾಗ ಅವನ ತಮ್ಮ ಜಿನವಲ್ಲಭ ಈ ಗುಡ್ಡದಲ್ಲಿ ಜಿನಬಿಂಬಗಳನ್ನು ಕಡೆಸಿ, ಕನ್ನಡ, ತೆಲುಗು, ಸಂಸ್ಕೃತ ಮೂರೂ ಭಾಷೆಗಳಲ್ಲಿ ಶಾಸನ ಬರೆಸಿದ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂದು ನಮಗೆ ತಿಳಿದಿರುವುದು ಈ ಕಲ್ಲಿನಿಂದ. ತೆಲುಗಿನವರಿಗೂ ಅದು ಅಷ್ಟೇ ಅಮೂಲ್ಯ, ಅವರ ಕಂದಪದ್ಯಗಳ ಹಳೆಯ ಮಾದರಿಗಳು ಅಲ್ಲಿವೆ. ಕನ್ನಡ, ತೆಲುಗು ಎರಡಕ್ಕೂ 2008ರಲ್ಲಿ ಒಂದೇ ದಿನ ಶಾಸ್ತ್ರೀಯ ಸ್ಥಾನ ಘೋಷಣೆಯಾದದ್ದನ್ನು ನೆನೆದರೆ, ಸಾವಿರ ವರ್ಷದ ಹಿಂದೆಯೇ ಒಂದೇ ಬಂಡೆಯಲ್ಲಿ ಎರಡನ್ನೂ ಕೂರಿಸಿದ ಜಿನವಲ್ಲಭನ ಬಗ್ಗೆ ಗೌರವ ಹೆಚ್ಚುತ್ತದೆ. ಶಾಸನದ ಬಂಡೆಯನ್ನು ಮುಟ್ಟದೆ, ದೂರದ ಇನ್ನೊಂದು ಬಂಡೆಯ ಮೇಲೆ ತಂತಿ ಹರಡಿದೆ. ಆ ಸೀಮೆಯಲ್ಲಿ ಗ್ರಾನೈಟ್ ಗಣಿಗಳು ಹೆಚ್ಚು; ಗುಡ್ಡಗಳನ್ನು ಚದರ ಚದರವಾಗಿ ಕೊಯ್ದು ಸಾಗಿಸುವುದನ್ನು ದಾರಿಯುದ್ದಕ್ಕೂ ನೋಡಿದ್ದೆ. ಹೋದ ವರ್ಷ ನಾನು ರೇಡಿಯೋ ಹೊತ್ತು ಏರಿದ್ದ ಹೆಸರಿಲ್ಲದ ಗುಡ್ಡವೊಂದು ಈ ವರ್ಷ ಅರ್ಧವಿತ್ತು.

ಅಪ್ಪನಿಗೆ ಎಲ್ಲಿದ್ದೇನೆಂದು ತಿಳಿಸಿದೆ. ಪಂಪನ ತಮ್ಮನ ಬೆಟ್ಟ ಎಂದೆ. ಅವರು ಬಹಳ ಹೊತ್ತು ಏನೂ ಕಳಿಸಲಿಲ್ಲ. ಅಲೆ ಮುಳುಗಿತೇನೋ ಎಂದುಕೊಂಡು ಮತ್ತೆ ಕರೆಯಬೇಕೆಂದಿದ್ದೆ. ಆಗ ನಿಧಾನವಾಗಿ ಬಂತು. ಕೆಲವು ತಿಂಗಳಿಂದ ಅವರ ಕೈ ಮೊದಲಿನಂತಿಲ್ಲವೆಂದು ನನಗೆ ಗೊತ್ತಿತ್ತು. ನಾಲ್ಕು ಚುಕ್ಕಿಯ ಅಕ್ಷರ ಐದು ಚುಕ್ಕಿಯಾಗುತ್ತಿತ್ತು, ಬೆರಳು ನಡುಗುತ್ತಿದೆಯೆಂದು ಲೆಕ್ಕ ಹಾಕಿಕೊಂಡಿದ್ದೆ. ಆ ದಿನ ಕೈ ನಡುಗಲಿಲ್ಲ. ಬಿಡಿಬಿಡಿಯಾಗಿ, ಹೊಸಬನಿಗೆ ಕಲಿಸುವಂತೆ ಕಳಿಸಿದರು: ನಿನ್ನೆ ಕ್ಯೂ ಮರೆತೆ. ಅಮ್ಮನಿಗೆ ಹೇಳಬೇಡ.

ಕ್ಯೂ ಎಂದರೆ ಡಾ ಡಾ ಡಿ ಡಾ. ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಹವ್ಯಾಸಿ ಯಾರನ್ನಾದರೂ ಕರೆಯಬೇಕಾದರೆ ಮೊದಲು ಕಳಿಸುವ ಸಿಕ್ಯೂ ಎಂಬ ಜೋಡಿಯ ಎರಡನೆಯ ಅಕ್ಷರ. ಹಿಂದಿನ ಎರಡು ಭಾನುವಾರ ಅವರು ನನ್ನ ಕರೆಗಾಗಿ ಕಾದಿದ್ದರೇ ಹೊರತು ತಾವಾಗಿ ಕರೆದಿರಲಿಲ್ಲ ಎಂಬುದು ಆಗ ನೆನಪಾಯಿತು. ಇಪ್ಪತ್ತರ ಹರೆಯದಿಂದ ಬೆರಳಲ್ಲಿ ಕೂತಿದ್ದ ಅಕ್ಷರ. ದಕ್ಷಿಣ ಭಾರತದಲ್ಲಿ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಾದ ತರಂಗದಲ್ಲಿ, ಪಕ್ಕದ ಅಡುಗೆಮನೆಯಲ್ಲಿರುವ ಹೆಂಡತಿಗೆ ತಿಳಿಯದಂತೆ, ಅವರು ಅದನ್ನು ನನಗೆ ಹೇಳಿದರು. ಬರೆಯುವ ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ, ಸಮಯ ಹಾಕಿದೆ, ಹಾಕಬೇಕಾದದ್ದು ನಿಯಮ. ಉತ್ತರವಾಗಿ ನಾನು ಕ್ಯೂ ಅಕ್ಷರವನ್ನು ಮೂರು ಸಲ ಕಳಿಸಿದೆ. ಅವರು ಮೂರು ಸಲ ತಿರುಗಿ ಕಳಿಸಿದರು. ಅಂದಿನಿಂದ ನಮ್ಮ ಭಾನುವಾರಗಳು ಎ ಇಂದ ಝಡ್‌ವರೆಗೆ ಒಂದು ಸುತ್ತು ಹಾಕಿಯೇ ಹಲಸು, ಮಳೆ, ರೊಟ್ಟಿಗಳ ಕಡೆಗೆ ಹೊರಳುತ್ತವೆ. ಸುತ್ತು ಹಾಕಲು ಶುರುಮಾಡಿದ್ದು ನಾನಲ್ಲ, ಅವರೇ.

ವೈದ್ಯರಿಗೆ ತೋರಿಸಿದ್ದಾಯಿತು. ಅಮ್ಮನಿಗೂ ಕೊನೆಗೆ ತಿಳಿಯಿತು. ಅವಳಿಗೆ ಮೊದಲೇ ತಿಳಿದಿತ್ತು ಎಂದು ನನ್ನ ಅನುಮಾನ. ಅಮೆರಿಕದಲ್ಲಿರುವ ತಮ್ಮ, ಇಬ್ಬರನ್ನೂ ನಾಚಾರಂಗೆ ಕರೆದುಕೊಂಡು ಬಾ ಅಕ್ಕ ಎನ್ನುತ್ತಾನೆ. ನಮ್ಮ ಮನೆಯವರೂ ಅದನ್ನೇ ಹೇಳುತ್ತಾರೆ. ಇಎಸ್‌ಐ ಆಸ್ಪತ್ರೆಯ ರಸ್ತೆಯಲ್ಲಿಯೇ ಮನೆ, ಲಿಫ್ಟಿದೆ, ಒಂದು ಕೋಣೆ ಬಿಡುವಾಗಿದೆ. ಲೆಕ್ಕವೆಲ್ಲ ಸರಿಯಾಗಿದೆ. ನನಗೆ ಮಾತ್ರ ಬಾಲ್ಕನಿಯ ಆ ಒಗ್ಗರಣೆಯ ಸದ್ದು ಕೇಳುತ್ತದೆ. ಇಲ್ಲಿಗೆ ಬಂದರೆ ಅವರ ರೇಡಿಯೋ ಸಾಯುತ್ತದೆ. ಐನೂರು ಕಿಲೋಮೀಟರ್ ದೂರದಿಂದ ಪ್ರತಿ ವಾರ ಮಾತಾಡುವ ಅಪ್ಪ, ಪಕ್ಕದ ಕೋಣೆಗೆ ಬಂದ ದಿನವೇ ನನಗೆ “ಹಾಂ? ಹಾಂ?” ಆಗಿಬಿಡುತ್ತಾರೆ. ಊಟದ ಮೇಜಿನ ಮೇಲೆ ಚಮಚದಿಂದ ಕುಟ್ಟಬಹುದಲ್ಲ ಎಂದು ಮಗಳು ಹೇಳಿದಳು. ಕುಟ್ಟಬಹುದು. ಅವಳೂ ಈಗ ಅರ್ಧ ವರ್ಣಮಾಲೆ ಕಲಿತಿದ್ದಾಳೆ. ಆದರೆ ಅಪ್ಪನಿಗೆ ಬೇಕಾದದ್ದು ನಾನೊಬ್ಬಳೇ ಅಲ್ಲ. ಬೆಳಗ್ಗೆ ಎದ್ದು ಕೀ ಮುಟ್ಟಿದರೆ ತಿರುಚ್ಚಿಯವರೋ ಕೊಚ್ಚಿಯವರೋ ಹೆಸರು ಹಿಡಿದು ಕರೆಯುವ ಆ ಬಯಲು. ಇದನ್ನು ತಮ್ಮನಿಗೆ ಫೋನಿನಲ್ಲಿ ವಿವರಿಸಲು ನನಗಿನ್ನೂ ಆಗಿಲ್ಲ.

ಸದ್ಯಕ್ಕೆ ಒಂದು ತಿಂಗಳ ಮಟ್ಟಿಗೆ ಬಂದು ನೋಡುವುದೆಂದು ಒಪ್ಪಿದ್ದಾರೆ. ಹೋದ ಭಾನುವಾರ ಮೌಲಾಲಿಯಿಂದ ಕೇಳಿದೆ: ಇಲ್ಲಿ ಬಂದ ಮೇಲೆ ಭಾನುವಾರ ಏನು ಮಾಡೋಣ? ಭುವನಗಿರಿಯ ಮೆಟ್ಟಿಲು ಎಷ್ಟು ಎಂದು ಕೇಳಿದರು. ನಿಮ್ಮಿಂದ ಆಗುವಷ್ಟಲ್ಲ ಎಂದೆ. ಸ್ವಲ್ಪ ಬಿಡುವು ಬಿಟ್ಟು ಬಂತು, ಕ್ರಿಯಾಪದಗಳನ್ನೆಲ್ಲ ನುಂಗಿ: ನಾನು ಕೆಳಗೆ, ಕಾರಿನಲ್ಲಿ. ನೀನು ಮೇಲೆ. ಮಧ್ಯಾಹ್ನದ ಬುತ್ತಿ ನನ್ನ ಹತ್ತಿರ.

ಕಾರಿನ ಬ್ಯಾಟರಿಗೆ ಅವರ ಸೆಟ್ಟನ್ನು ಜೋಡಿಸುವ ತಂತಿ ನನ್ನ ಬಳಿ ಇಲ್ಲ. ಈ ವಾರ ಕೋಠಿಗೆ ಹೋಗಿ ತರಬೇಕು.